ಸಾರ್ವಜನಿಕ ಗಣಕಯಂತ್ರವೂ ಅದರ ಬೀಗದ ಕೈಯೂ

ಹೈಸ್ಕೂಲನ್ನು ಮುಗಿಸಿ ಹೊರಡುವ ಹುಡುಗಿಯು ಈ ದಿನಗಳಲ್ಲಿ ಯಾವ ಬಾಗಿಲನ್ನು ತಟ್ಟಿದರೂ ಅದು ಹೆಚ್ಚಾಗಿ ಅಂತರ್ಜಾಲದ ಮೂಲಕವೇ ತೆರೆಯುತ್ತದೆ. ವಿದ್ಯಾರ್ಥಿವೇತನದ ಅರ್ಜಿ, ಕಾಲೇಜಿನ ಪ್ರವೇಶ, ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಬೇಂಕಿನ ಲೆಕ್ಕ ಮೊದಲಾದವುಗಳು ಶಾಯಿಯಿಂದ ಬರೆದ ಕಾಗದವನ್ನು ಮಾತ್ರ ನೆಚ್ಚಿಕೊಂಡು ನಡೆಯುವ ಕಾಲವು ಕಳೆದುಹೋಯಿತು. ಹೀಗಿರುವಲ್ಲಿ ಆ ಬಾಗಿಲನ್ನು ತಟ್ಟುವದಕ್ಕೆ ಬೇಕಾದ ಯಂತ್ರವು ಯಾರ ಕೈಯಲ್ಲಿದೆ, ಅದರ ಬೀಗದ ಕೈ ಯಾರ ಬಳಿಯಲ್ಲಿದೆ ಎಂಬ ಪ್ರಶ್ನೆಯು ಹೆಣ್ಣುಮಕ್ಕಳನ್ನು ಓದಿಸುವ ಎಲ್ಲ ಹೆತ್ತವರಿಗೂ ಸಂಬಂಧಪಟ್ಟದ್ದಾಗಿದೆ. ಈ ವಿಷಯವಾಗಿ ನಮ್ಮ ಅಭಿಪ್ರಾಯವನ್ನು ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಹೆತ್ತವರ ಮುಂದೆಯೂ ಇಡಲು ಅಪೇಕ್ಷಿಸುತ್ತೇವೆ.

ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲು ಇರುವಾಗ ಸಾರ್ವಜನಿಕ ಗಣಕಯಂತ್ರವು ಯಾತಕ್ಕೆ ಎಂದು ಕೆಲವರು ಕೇಳುವರು. ಪ್ರತಿಯೊಬ್ಬರ ಕೈಯಲ್ಲಿಯೂ ಇಲ್ಲವೆಂಬದೇ ಇದಕ್ಕೆ ಮೊದಲನೆಯ ಉತ್ತರವು. 2019ರಿಂದ 2021ರ ವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಒಮ್ಮೆಯಾದರೂ ಅಂತರ್ಜಾಲವನ್ನು ಉಪಯೋಗಿಸಿದ ಗಂಡಸರು ನೂರಕ್ಕೆ 57 ಮಂದಿ. ಹೆಂಗಸರಾದರೋ ನೂರಕ್ಕೆ 33 ಮಂದಿ ಮಾತ್ರ. ಆ ಬಳಿಕ ಮೊಬೈಲುಗಳು ಹೆಚ್ಚಿವೆ, ನಿಜ. ಆದರೂ ಅನೇಕ ಮನೆಗಳಲ್ಲಿ ಮೊಬೈಲು ತಂದೆಯದು ಅಥವಾ ಅಣ್ಣನದು. ಮಗಳು ಅದನ್ನು ಕೇಳಿ ಪಡೆಯತಕ್ಕವಳು, ಕರೆದಾಗ ಹಿಂದಕ್ಕೆ ಕೊಡತಕ್ಕವಳು. ಅದಲ್ಲದೆ ಅಂಗೈಯಗಲದ ಪರದೆಯ ಮೇಲೆ ಉದ್ದವಾದ ಅರ್ಜಿಯನ್ನು ತಪ್ಪಿಲ್ಲದೆ ತುಂಬುವದೂ, ಪ್ರಮಾಣಪತ್ರಗಳನ್ನು ಕೇಳಿದ ಅಳತೆಗೆ ತಂದು ಸೇರಿಸುವದೂ, ಒಂದು ಪ್ರಬಂಧವನ್ನು ಬರೆದು ತಿದ್ದಿ ಮುಗಿಸುವದೂ ಸುಲಭವಾದ ಕೆಲಸಗಳಲ್ಲ.

ಈ ಕಾರಣದಿಂದ ಹುಡುಗಿಯು ಪೇಟೆಯ ಅಂಗಡಿಗೆ ಹೋಗುತ್ತಾಳೆ. ಅಲ್ಲಿ ಅಂಗಡಿಯವನೇ ಕುಳಿತು ಅರ್ಜಿಯನ್ನು ತುಂಬುತ್ತಾನೆ. ಅವಳ ಹೆಸರಿನಲ್ಲಿ ಪಾಸ್‌ವರ್ಡನ್ನು ತಾನೇ ಆರಿಸಿ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಮೊಬೈಲಿಗೆ ಬಂದ ಗುಪ್ತಸಂಖ್ಯೆಯನ್ನು ಅವಳು ಸುತ್ತಲಿನವರಿಗೆಲ್ಲ ಕೇಳುವಂತೆ ಓದಿ ಹೇಳುತ್ತಾಳೆ. ಅವಳ ಭಾವಚಿತ್ರ, ಆಧಾರ್ ಚೀಟಿಯ ಪ್ರತಿ, ತಂದೆಯ ಆದಾಯದ ಪತ್ರ, ಬೇಂಕಿನ ಪುಸ್ತಕದ ಮೊದಲನೆಯ ಪುಟ, ಇವೆಲ್ಲವೂ ಯಾರಾದರೂ ಅಳಿಸದ ಹೊರತು ಆ ಯಂತ್ರದಲ್ಲಿಯೇ ಉಳಿಯುತ್ತವೆ. ಅಂಗಡಿಯವರನ್ನು ದೂರುವದು ನಮ್ಮ ಉದ್ದೇಶವಲ್ಲ. ಅವರಲ್ಲಿ ಹೆಚ್ಚಿನವರು ಪ್ರಾಮಾಣಿಕರಾದ ದುಡಿಮೆಗಾರರು. ಅವರಿಲ್ಲದಿದ್ದರೆ ಎಷ್ಟೋ ಮಕ್ಕಳ ಅರ್ಜಿಗಳು ದಿನ ಮೀರಿ ಹೋಗುತ್ತಿದ್ದವು. 2011ರಲ್ಲಿ ಕೇಂದ್ರ ಸರಕಾರವು ಸೈಬರ್ ಕೆಫೆಗಳಿಗಾಗಿ ನಿಯಮಗಳನ್ನು ಮಾಡಿ, ಬಂದವರ ಗುರುತಿನ ಪತ್ರವನ್ನು ನೋಡತಕ್ಕದ್ದೆಂದೂ, ಬಂದುಹೋದವರ ದಾಖಲೆಯನ್ನು ಒಂದು ವರ್ಷ ಇಟ್ಟುಕೊಳ್ಳತಕ್ಕದ್ದೆಂದೂ, ಅಡ್ಡಗೋಡೆಗಳು ನಾಲ್ಕೂವರೆ ಅಡಿಗಿಂತ ಎತ್ತರವಾಗಿರಕೂಡದೆಂದೂ ವಿಧಿಸಿತು. ಈ ವಿಧಿಗಳ ದೃಷ್ಟಿಯು ಬಂದವರು ಯಾರೆಂಬದರ ಮೇಲಿದೆ. ಅವರು ಎದ್ದುಹೋದ ಬಳಿಕ ಅವರ ಕಾಗದಪತ್ರಗಳ ಗತಿ ಏನೆಂಬದು ಬಹುಮಟ್ಟಿಗೆ ಅಂಗಡಿಯವನ ಎಚ್ಚರಿಕೆಯನ್ನೇ ಹೊಂದಿಕೊಂಡಿದೆ.

ನಾವು ಹೇಳಬೇಕೆಂದಿರುವದು ಇಷ್ಟೇ. ಶಾಲೆಯ ವಾಚನಾಲಯದಲ್ಲಾಗಲಿ ಊರಿನ ಪುಸ್ತಕಾಲಯದಲ್ಲಾಗಲಿ ಹೆಣ್ಣುಮಕ್ಕಳೂ ಅವರ ತಾಯಂದಿರೂ ನಿರ್ಭಯವಾಗಿ ಬಂದು ಕುಳಿತು ಅಂತರ್ಜಾಲವನ್ನು ಉಪಯೋಗಿಸುವ ಕೋಣೆಗಳು ಬೇಕು. ಅಲ್ಲಿಯ ಯಂತ್ರಗಳು ಒಬ್ಬರ ಸೇವೆಯನ್ನು ಮಾಡಿ ಮುಗಿಸಿದೊಡನೆ ಅವರನ್ನು ಸಂಪೂರ್ಣವಾಗಿ ಮರೆಯಬೇಕು. ಅವುಗಳ ಬೀಗದ ಕೈ ಆ ಕೋಣೆಯನ್ನು ನಡಿಸುವವರ ಬಳಿಯಲ್ಲಿಯೇ ಇರಬೇಕು. ಈ ಮೂರನ್ನೂ ಸ್ವಲ್ಪ ಹಣದಲ್ಲಿ ಕೂಡಿಸುವದಕ್ಕೆ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯು ಎಲ್ಲಕ್ಕಿಂತಲೂ ತಕ್ಕ ಸಾಧನವೆಂದು ನಾವು ಎಣಿಸುತ್ತೇವೆ.

ಲಿನಕ್ಸ್ ಎಂದರೇನೆಂಬದನ್ನು ತಿಳಿಯದವರಿಗಾಗಿ ಎರಡು ಮಾತು. ಗಣಕಯಂತ್ರದ ಪೆಟ್ಟಿಗೆಯು ಬರಿಯ ದೇಹ. ಅದನ್ನು ನಡಿಸುವ ಆಜ್ಞೆಗಳ ಸಮೂಹವೇ ಕಾರ್ಯವ್ಯವಸ್ಥೆ. ಸಾಮಾನ್ಯವಾಗಿ ನಾವು ಕೊಂಡುಕೊಳ್ಳುವ ಯಂತ್ರಗಳಲ್ಲಿ ಈ ಆಜ್ಞೆಗಳು ಒಂದು ಕಂಪೆನಿಯ ಸೊತ್ತು. ಅವುಗಳ ಒಳಗನ್ನು ನೋಡುವದಕ್ಕಾಗಲಿ ಬದಲಾಯಿಸುವದಕ್ಕಾಗಲಿ ನಮಗೆ ಅಪ್ಪಣೆ ಇಲ್ಲ. ಅಮೇರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು ಇದು ಸರಿಯಲ್ಲವೆಂದು 1983ರಲ್ಲಿ ಗ್ನು ಎಂಬ ಯೋಜನೆಯನ್ನು ಪ್ರಕಟಿಸಿ, ಯಾರಾದರೂ ಉಪಯೋಗಿಸಬಹುದಾದ, ಓದಿ ಪರೀಕ್ಷಿಸಬಹುದಾದ, ತಿದ್ದಬಹುದಾದ, ಇತರರಿಗೆ ಹಂಚಬಹುದಾದ ಸ್ವತಂತ್ರ ತಂತ್ರಾಂಶವನ್ನು ಕಟ್ಟುವದಕ್ಕೆ ತೊಡಗಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬವರು ಅಂತಹ ವ್ಯವಸ್ಥೆಗೆ ಬೇಕಾದ ತಿರುಳನ್ನು ರಚಿಸಿ ಲೋಕಕ್ಕೆ ಕೊಟ್ಟರು. ಇವೆರಡೂ ಕೂಡಿ ಬೆಳೆದದ್ದನ್ನು ಜನರು ಲಿನಕ್ಸ್ ಎಂದು ಕರೆಯುತ್ತಾರೆ. ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಮೊದಲಾದವು ಅದರ ಬೇರೆ ಬೇರೆ ರೂಪಗಳು. ಇವುಗಳನ್ನು ಕ್ರಯವಿಲ್ಲದೆ ಪಡೆಯಬಹುದೆಂಬದು ಒಂದು ಲಾಭ. ಯಂತ್ರವು ಹೇಗೆ ನಡೆಯಬೇಕೆಂದು ನಾವೇ ಗೊತ್ತುಮಾಡಬಹುದೆಂಬದು ಅದಕ್ಕಿಂತ ದೊಡ್ಡ ಲಾಭವು.

ಮೊದಲಾಗಿ ಮರೆಯುವ ವಿಷಯವನ್ನು ನೋಡೋಣ. ಲಿನಕ್ಸಿನ ಕೆಲವು ರೂಪಗಳಲ್ಲಿ ಅತಿಥಿಪ್ರವೇಶ ಎಂಬ ಏರ್ಪಾಡು ಇದೆ. ಇತರ ರೂಪಗಳಲ್ಲಿ ಅದನ್ನು ತಿಳಿದವರು ಮಾಡಿಕೊಳ್ಳಬಹುದು. ಅತಿಥಿಯಾಗಿ ಒಳಗೆ ಬಂದವಳಿಗೆ ಯಂತ್ರವು ತಾತ್ಕಾಲಿಕವಾದ ಒಂದು ಮನೆಯನ್ನು ಕಟ್ಟಿಕೊಡುತ್ತದೆ. ಅವಳು ಇಳಿಸಿಕೊಂಡ ಕಾಗದಗಳೂ, ನೋಡಿದ ಪುಟಗಳ ಪಟ್ಟಿಯೂ, ಬ್ರೌಸರಿನಲ್ಲಿ ಉಳಿದ ಗುರುತುಗಳೂ ಎಲ್ಲವೂ ಆ ಮನೆಯೊಳಗೇ ಇರುತ್ತವೆ. ಅವಳು ಹೊರಡುತ್ತೇನೆಂದು ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಆ ಮನೆಯು ಸಾಮಾನುಸಹಿತವಾಗಿ ಇಲ್ಲದೆ ಹೋಗುತ್ತದೆ. ಮುಂದಿನವಳು ಬರುವಾಗ ಹೊಸ ಮನೆ. ಅತಿಥಿಗೆ ಯಂತ್ರದ ಮೂಲ ಏರ್ಪಾಡನ್ನು ಬದಲಾಯಿಸುವ ಅಧಿಕಾರವಿಲ್ಲದ್ದರಿಂದ ತಿಳಿಯದೆ ಏನನ್ನಾದರೂ ಕೆಡಿಸುವ ಭಯವೂ ಕಡಿಮೆ. ಎದ್ದುಹೋಗುವಾಗ ಗುಂಡಿಯನ್ನು ಒತ್ತಲು ಮರೆಯುವವರೂ ಇರುವದರಿಂದ ಕೆಲವು ನಿಮಿಷ ಕೈ ತಾಗದಿದ್ದರೆ ಯಂತ್ರವೇ ಪ್ರವೇಶವನ್ನು ಮುಗಿಸುವಂತೆ ಮಾಡಿಡಬೇಕು. ಹೊರಗಿನ ಪೆನ್‌ಡ್ರೈವಿನಿಂದ ಯಾರೂ ಯಂತ್ರವನ್ನು ಎಬ್ಬಿಸದಂತೆ ಆರಂಭದ ಏರ್ಪಾಡಿಗೂ ಪಾಸ್‌ವರ್ಡನ್ನು ಹಾಕಿಡಬೇಕು. ಅಕ್ಷರದ ಗುಂಡಿಗಳ ಹಲಗೆಗೂ ಪೆಟ್ಟಿಗೆಗೂ ನಡುವೆ ಕದ್ದು ಕೇಳುವ ಸಣ್ಣ ಉಪಕರಣವನ್ನು ಯಾರಾದರೂ ಸಿಕ್ಕಿಸಿದ್ದಾರೆಯೋ ಎಂದು ಪ್ರತಿದಿನವೂ ಕಣ್ಣಿಟ್ಟು ನೋಡಬೇಕು. ಇಷ್ಟು ಮಾಡಿದರೂ ನಮ್ಮ ಯಂತ್ರವು ಮಾತ್ರ ಮರೆಯುತ್ತದೆ. ಅತ್ತ ಕಡೆಯ ಜಾಲತಾಣವು ಮರೆಯುವದಿಲ್ಲ. ಈ ವ್ಯತ್ಯಾಸವನ್ನು ಹುಡುಗಿಯರಿಗೆ ಕಲಿಸತಕ್ಕದ್ದು ಶಾಲೆಯ ಕೆಲಸವೇ.

ಬಂದವರ ಹೆಸರನ್ನೂ ವೇಳೆಯನ್ನೂ ಒಂದು ಪುಸ್ತಕದಲ್ಲಿ ಬರೆಯುವದು ಒಳ್ಳೆಯದೇ. ಒಳ್ಳೆಯ ಗ್ರಂಥಪಾಲಕಿಯು ಯಾರು ಬಂದರೆಂದು ಬಲ್ಲಳು. ಆದರೆ ಅವರು ಓದಿದ್ದನ್ನು ಊರಿಗೆ ಹೇಳುತ್ತಾ ತಿರುಗುವದಿಲ್ಲ. ಗಣಕಯಂತ್ರದ ಕೋಣೆಗೂ ಇದೇ ನೀತಿಯು ಸಲ್ಲತಕ್ಕದ್ದು.

ಎರಡನೆಯದು ಹಣದ ಪ್ರಶ್ನೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ಮುಗಿಯಿತು. ಅದರ ಮುಂದಿನದಾದ ವಿಂಡೋಸ್ 11 ಟಿ.ಪಿ.ಎಂ. 2.0 ಎಂಬ ರಕ್ಷಣೆಯ ಅಂಗವನ್ನೂ ಹೊಸ ತರಗತಿಯ ಪ್ರೊಸೆಸರನ್ನೂ ಕೇಳುವದರಿಂದ, ಚೆನ್ನಾಗಿ ನಡೆಯುತ್ತಿರುವ ಎಷ್ಟೋ ಯಂತ್ರಗಳು ಕಚೇರಿಗಳಲ್ಲಿಯೂ ಮನೆಗಳಲ್ಲಿಯೂ ಮೂಲೆಗೆ ಬೀಳುತ್ತಲಿವೆ. ಅಂತಹ ಯಂತ್ರಕ್ಕೆ ನಾಲ್ಕು ಗಿಗಾಬೈಟು ನೆನಪು ಇದ್ದರೆ, ತಿರುಗುವ ಹಳೆಯ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಎಂಬ ಹೊಸ ಬಗೆಯದನ್ನು ಹಾಕಿ, ಹಗುರವಾದ ಲಿನಕ್ಸ್ ರೂಪವನ್ನು ನಿಲ್ಲಿಸಿದರೆ, ಅರ್ಜಿ ತುಂಬುವದಕ್ಕೂ ಓದುವದಕ್ಕೂ ಬರೆಯುವದಕ್ಕೂ ಇನ್ನೂ ಕೆಲವು ವರ್ಷ ಅದು ಒದಗುವದು. ದೀರ್ಘಕಾಲದ ಬೆಂಬಲವುಳ್ಳ ರೂಪಗಳಿಗೆ ಸಾಮಾನ್ಯವಾಗಿ ಐದು ವರ್ಷಗಳ ವರೆಗೆ ರಕ್ಷಣೆಯ ತಿದ್ದುಪಡಿಗಳು ಕ್ರಯವಿಲ್ಲದೆ ಬರುತ್ತವೆ. ಒಂದೇ ಬಲವಾದ ಯಂತ್ರದಿಂದ ಡಿಸ್ಕಿಲ್ಲದ ಹಲವು ಯಂತ್ರಗಳನ್ನು ನಡಿಸುವ ಉಪಾಯವೂ ಉಂಟು. ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್ ಎಂಬದು 1999ರಿಂದ ಇದನ್ನು ಸಾಧಿಸಿಕೊಟ್ಟಿದೆ. ಆಗ ತಿದ್ದುಪಡಿಯನ್ನು ಒಂದು ಕಡೆಯಲ್ಲಿ ಮಾಡಿದರೆ ಎಲ್ಲ ಕಡೆಗೂ ಆದಂತೆ.

ಮೂರನೆಯದು ಕನ್ನಡದ ವಿಷಯ. 1843ರಲ್ಲಿ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವು ಹೊರಡುವಾಗ ಕನ್ನಡದ ಅಕ್ಷರಗಳನ್ನು ಕಲ್ಲಚ್ಚಿನಲ್ಲಿ ಮೂಡಿಸಬೇಕಾಗಿತ್ತು. ಗಣಕಯಂತ್ರಗಳ ಕಾಲದಲ್ಲಿಯೂ ಬಹಳ ವರ್ಷ ನಮ್ಮ ಅಕ್ಷರಗಳಿಗೆ ನೆಲೆ ಇರಲಿಲ್ಲ. ಒಬ್ಬರು ಬರೆದ ಕನ್ನಡವು ಇನ್ನೊಬ್ಬರ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಅಕ್ಷರಪಟ್ಟಿಯಲ್ಲಿ ಕನ್ನಡಕ್ಕೆ ತನ್ನದೇ ಆದ ಸ್ಥಾನವು ದೊರೆತ ಬಳಿಕ ಈ ತೊಂದರೆಗೆ ಪರಿಹಾರವುಂಟಾಯಿತು. ಇಂದು ಡೆಬಿಯನ್ ರೂಪವನ್ನು ಯಂತ್ರದಲ್ಲಿ ನಿಲ್ಲಿಸುವಾಗಲೇ ಕನ್ನಡವನ್ನು ಆರಿಸಿಕೊಳ್ಳಬಹುದು. ಫೈರ್‌ಫಾಕ್ಸ್ ಬ್ರೌಸರೂ ಲಿಬ್ರೆಆಫೀಸ್ ಎಂಬ ಬರವಣಿಗೆಯ ಸಾಧನವೂ ಕನ್ನಡದಲ್ಲಿ ದೊರೆಯುತ್ತವೆ. ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಕಗಪ ಎಂದು ಕರೆಯಲ್ಪಡುವ ಅಕ್ಷರವಿನ್ಯಾಸವು ಲಿನಕ್ಸಿನಲ್ಲಿಯೇ ಅಡಕವಾಗಿದೆ. ಇಂಗ್ಲಿಷನ್ನು ಅಷ್ಟಾಗಿ ಓದಲಾರದ ತಾಯಿಯೊಬ್ಬಳು ತನ್ನ ಭಾಷೆಯಲ್ಲಿಯೇ ಯಂತ್ರದೊಡನೆ ವ್ಯವಹರಿಸುವಂತಾಗುವದು ಸಣ್ಣ ಸಂಗತಿಯಲ್ಲ. ಈ ಅನುವಾದಗಳಲ್ಲಿ ಇನ್ನೂ ಅರೆಕೊರೆಗಳಿವೆ. ಆದರೆ ಅವುಗಳನ್ನು ತಿದ್ದುವ ಅವಕಾಶವು ಎಲ್ಲರಿಗೂ ತೆರೆದಿರುವದರಿಂದ, ಭಾಷೆಯಲ್ಲಿ ನುರಿತ ಹಳೆಯ ವಿದ್ಯಾರ್ಥಿನಿಯರು ಅದಕ್ಕೆ ಕೈಹಚ್ಚಬಹುದು.

ಇದೆಲ್ಲ ಬರಿಯ ಕಲ್ಪನೆಯಲ್ಲವೆಂಬದಕ್ಕೆ ದೃಷ್ಟಾಂತಗಳಿವೆ. ಬ್ರೆಜಿಲ್ ದೇಶದ ಸಾವೊ ಪಾವ್ಲೊ ನಗರಸಭೆಯು 2001ರಲ್ಲಿ ನಗರದ ಅಂಚಿನ ಬಡ ಕೇರಿಗಳಲ್ಲಿ ಟೆಲಿಸೆಂಟ್ರೊ ಎಂಬ ಸಾರ್ವಜನಿಕ ಕೋಣೆಗಳನ್ನು ತೆರೆಯಲು ತೊಡಗಿತು. ಮೊದಲನೆಯದು ಸಿದಾಜಿ ತಿರಾದೆಂತೆಸ್ ಎಂಬ ಕೇರಿಯಲ್ಲಿ ಆರಂಭವಾಯಿತು. ಅಲ್ಲಿಯ ಯಂತ್ರಗಳು ಸ್ವತಂತ್ರ ತಂತ್ರಾಂಶದಿಂದ ನಡೆದವು. ಒಂದು ಮುಖ್ಯ ಯಂತ್ರಕ್ಕೆ ಡಿಸ್ಕಿಲ್ಲದ ಯಂತ್ರಗಳನ್ನು ಜೋಡಿಸಿ ಖರ್ಚನ್ನು ತಗ್ಗಿಸಿದರು. ಜನರು ಕಾಸು ಕೊಡದೆ ಅವುಗಳನ್ನು ಉಪಯೋಗಿಸಿದರು. ಕೆಲವೇ ವರ್ಷಗಳಲ್ಲಿ ಅಂತಹ ಕೋಣೆಗಳು ನೂರನ್ನು ದಾಟಿದವು. ನಮ್ಮ ನೆರೆಯ ಕೇರಳದಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆಯ ಮೂಲಕ ಸರಕಾರಿ ಶಾಲೆಗಳ ಗಣಕಯಂತ್ರ ಶಿಕ್ಷಣವು ಸ್ವತಂತ್ರ ತಂತ್ರಾಂಶದ ಮೇಲೆ ನಿಂತಿತು. 2017ರಲ್ಲಿ ಆ ಯೋಜನೆಯು ಕೈಟ್ ಎಂಬ ಸಂಸ್ಥೆಯಾಯಿತು. 2018ರಲ್ಲಿ ಹೈಸ್ಕೂಲುಗಳಲ್ಲಿ ಲಿಟ್ಲ್ ಕೈಟ್ಸ್ ಎಂಬ ವಿದ್ಯಾರ್ಥಿ ಸಂಘಗಳು ಹುಟ್ಟಿ, ಮಕ್ಕಳೇ ಈ ವಿದ್ಯೆಯನ್ನು ಕಲಿತು ಇತರರಿಗೆ ನೆರವಾಗುವದಕ್ಕೆ ದಾರಿಯಾಯಿತು. ನಮ್ಮ ಕರ್ನಾಟಕದಲ್ಲಿಯೂ ಗ್ರಾಮ ಪಂಚಾಯತಿಗಳ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದು, ಅರಿವು ಕೇಂದ್ರಗಳೆಂಬ ಹೆಸರನ್ನು ಪಡೆದು, ಅನೇಕ ಕಡೆಗಳಲ್ಲಿ ಗಣಕಯಂತ್ರಗಳನ್ನೂ ಹೊಂದಿವೆ.

ಆದರೆ ಯಂತ್ರವನ್ನು ಇಟ್ಟರೆ ಸಾಕೆಂದು ಯಾರೂ ಎಣಿಸಕೂಡದು. 1999ರಲ್ಲಿ ದಿಲ್ಲಿಯ ಕಾಲ್ಕಾಜಿಯಲ್ಲಿ ಸುಗತ ಮಿತ್ರ ಎಂಬವರು ಗೋಡೆಯೊಂದರಲ್ಲಿ ಗಣಕಯಂತ್ರವನ್ನು ಕೂಡಿಸಿ, ಗುರುವಿಲ್ಲದೆ ಮಕ್ಕಳು ತಾವೇ ಅದನ್ನು ನಡಿಸಲು ಕಲಿಯುವರೆಂದು ತೋರಿಸಿದ್ದು ಲೋಕಪ್ರಸಿದ್ಧವಾಯಿತು. ತರುವಾಯ ದಿಲ್ಲಿಯಲ್ಲಿ ಹಾಗೆಯೇ ಏರ್ಪಡಿಸಿದ ಯಂತ್ರಗಳ ಕುರಿತು ಬರೆದ ಮಾರ್ಕ್ ವಾರ್ಷೌವರ್ ಎಂಬ ಅಮೇರಿಕದ ವಿದ್ವಾಂಸರು ಬೇರೆ ಸಂಗತಿಗಳನ್ನು ತಿಳಿಸಿದರು. ಅಂತರ್ಜಾಲವು ಅಲ್ಲಿ ಬಹಳವಾಗಿ ಕೆಲಸ ಮಾಡುತ್ತಿರಲಿಲ್ಲ. ಮಕ್ಕಳಿಗೆ ತಿಳಿದ ಹಿಂದಿಯಲ್ಲಿ ಏನೂ ಇರಲಿಲ್ಲ. ಹೆಚ್ಚಿನ ವೇಳೆಯು ಆಟಗಳಲ್ಲಿಯೂ ಚಿತ್ರ ಗೀಚುವದರಲ್ಲಿಯೂ ಹೋಗುತ್ತಿತ್ತು. ಕೋಣೆಯ ಬದಲಿಗೆ ಗೋಡೆ ಇದ್ದದರಿಂದ ಕಲಿಸುವದಕ್ಕೂ ಕೂಡಿ ಕಲಿಯುವದಕ್ಕೂ ಸ್ಥಳವಿರಲಿಲ್ಲ. ಬೀದಿಯ ಗೋಡೆಯ ಮುಂದೆ ನೂಕಾಡಿ ನಿಲ್ಲುವದು ಹುಡುಗಿಯರಿಂದ ಎಷ್ಟರ ಮಟ್ಟಿಗೆ ಆಗುವದೆಂದು ನಮ್ಮ ತಾಯಂದಿರಿಗೆ ಹೇಳಬೇಕಾಗಿಲ್ಲ. ಅವರಿಗೆ ಬೇಕಾದದ್ದು ಕೋಣೆ, ಕುರ್ಚಿ, ಗೊತ್ತಾದ ವೇಳೆ, ಹತ್ತಿರದಲ್ಲಿ ತಿಳಿದ ಒಬ್ಬ ಹೆಂಗಸು.

ಲಿನಕ್ಸನ್ನು ಹಿಡಿದವರೆಲ್ಲರೂ ಅದರಲ್ಲಿ ನೆಲೆನಿಂತರೆಂದೂ ನಾವು ಹೇಳುವದಿಲ್ಲ. ಜರ್ಮನಿಯ ಮ್ಯೂನಿಕ್ ನಗರಸಭೆಯು 2003ರಲ್ಲಿ ನಿಶ್ಚಯಿಸಿ, 2013ರ ಹೊತ್ತಿಗೆ ಸುಮಾರು 15,000 ಯಂತ್ರಗಳನ್ನು ಲಿನಕ್ಸಿಗೆ ತಿರುಗಿಸಿ, 2017ರಲ್ಲಿ ಮರಳಿ ವಿಂಡೋಸಿಗೇ ಹೋಗುವದಾಗಿ ಗೊತ್ತುಮಾಡಿತು. ನಡಿಸುವವರ ಮನಸ್ಸು ಬದಲಾದರೆ ಎಂತಹ ದೊಡ್ಡ ಕೆಲಸವೂ ಹಿಂದೆಗೆಯುವದೆಂಬದನ್ನು ಇದರಿಂದ ಕಲಿಯತಕ್ಕದ್ದು. ಕೆಲವು ಪ್ರಿಂಟರುಗಳೂ, ಡಿಜಿಟಲ್ ಸಹಿಯ ಕೆಲವು ಉಪಕರಣಗಳೂ ಲಿನಕ್ಸಿನೊಡನೆ ಹೊಂದಿಕೊಳ್ಳುವದಿಲ್ಲ. ಕೊಂಡುಕೊಳ್ಳುವ ಮುಂಚೆ ವಿಚಾರಿಸಬೇಕು. ಒಂದು ಕಾಲದಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಇಲ್ಲದೆ ತೆರೆಯದ ಸರಕಾರಿ ತಾಣಗಳಿದ್ದವು. 2022ರ ಜೂನಿನಲ್ಲಿ ಅದನ್ನು ಅದರ ಕಂಪೆನಿಯೇ ನಿಲ್ಲಿಸಿದ ಮೇಲೆ ಆ ಆಕ್ಷೇಪಣೆಯ ಬಲವು ಕುಂದಿತು.

ಲಿನಕ್ಸಿನಲ್ಲಿ ಕಲಿತವರಿಗೆ ಕೆಲಸ ಸಿಕ್ಕುವದೋ ಎಂದು ಕೇಳುವ ತಂದೆಗಳುಂಟು. ಅರ್ಜಿಯ ಪುಟವು ಯಾವ ಯಂತ್ರದ ಬ್ರೌಸರಿನಲ್ಲಿಯೂ ಹೆಚ್ಚುಕಡಿಮೆ ಒಂದೇ. ಪತ್ರವನ್ನು ಬರೆಯುವದನ್ನೂ ಲೆಕ್ಕದ ಹಾಳೆಯನ್ನು ತಯಾರಿಸುವದನ್ನೂ ಒಂದರಲ್ಲಿ ಕಲಿತವಳು ಇನ್ನೊಂದರಲ್ಲಿ ಕೆಲವು ದಿನಗಳಲ್ಲಿ ನುರಿಯುವಳು. ನಮ್ಮ ದೇಶದಲ್ಲಿ ಹೆಚ್ಚಿನವರ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ತಿರುಳು ಲಿನಕ್ಸೇ ಎಂಬದನ್ನೂ ಈ ತಂದೆಗಳು ನೆನಪಿನಲ್ಲಿಡಬೇಕು.

ಇದಕ್ಕಿಂತ ಗುರುತರವಾದ ಆಕ್ಷೇಪಣೆ ತಾಯಂದಿರದು. ಅಂತರ್ಜಾಲದಲ್ಲಿ ಹೊಲಸೂ ಮೋಸವೂ ಇರುವದರಿಂದ ಮಗಳನ್ನು ಅದರಿಂದ ದೂರವಿಡುವದೇ ಲೇಸಲ್ಲವೇ ಎಂದು ಅವರು ಕೇಳುತ್ತಾರೆ. ಅವರ ಭಯವು ನ್ಯಾಯವಾದದ್ದು. ಆದರೆ ಅವರು ಹೇಳುವ ಉಪಾಯವು ಸಾಗುವಂತಹದಲ್ಲ. ಕೇರಳದ ಕೋಳಿಕೋಡಿನ ಸಮೀಪದ ಒಂದು ಕಾಲೇಜಿನ ವಿದ್ಯಾರ್ಥಿನಿ ನಿಲಯದಲ್ಲಿ ಸಂಜೆಯ ಹೊತ್ತು ಮೊಬೈಲನ್ನು ಒಪ್ಪಿಸಿಬಿಡಬೇಕೆಂಬ ಕಟ್ಟಳೆಯಿತ್ತು. ಅದನ್ನು ಒಪ್ಪದೆ ನಿಲಯದಿಂದ ಹೊರಹಾಕಲ್ಪಟ್ಟ ಒಬ್ಬ ವಿದ್ಯಾರ್ಥಿನಿಯ ಮೊಕದ್ದಮೆಯಲ್ಲಿ 2019ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು ಅಂತರ್ಜಾಲವನ್ನು ಪಡೆಯುವ ಹಕ್ಕು ವಿದ್ಯಾಭ್ಯಾಸದ ಹಕ್ಕಿಗೂ ಖಾಸಗಿತನದ ಹಕ್ಕಿಗೂ ಸೇರಿದ್ದೆಂದು ತೀರ್ಪಿತ್ತಿತು. ಕಾಯಿದೆಯು ಹೇಗೇ ಇರಲಿ, ಇಂದು ತಡೆಯಲ್ಪಟ್ಟ ಹುಡುಗಿಯು ನಾಳೆ ಗೆಳತಿಯ ಮೊಬೈಲಿನಲ್ಲಿ ಒಬ್ಬಳೇ, ಕಲಿಸುವವರಿಲ್ಲದೆ, ಅದೇ ಲೋಕವನ್ನು ಹೊಗುವಳು. ತೆರೆದ ಕೋಣೆಯಲ್ಲಿ, ಪರದೆಗಳು ನಡುವಿನ ಸ್ಥಳಕ್ಕೆ ಮುಖಮಾಡಿರುವಲ್ಲಿ, ಕೆಟ್ಟ ತಾಣಗಳನ್ನು ತಡೆಯುವ ಏರ್ಪಾಡು ಇರುವಲ್ಲಿ ಅವಳು ಕಲಿಯುವದು ಮೇಲಲ್ಲವೇ? ಮೋಸವೇನಾದರೂ ನಡೆದರೆ 1930 ಎಂಬ ಸಹಾಯವಾಣಿಗೆ ತಡಮಾಡದೆ ತಿಳಿಸಬೇಕೆಂಬದನ್ನೂ, ಗುಪ್ತಸಂಖ್ಯೆಯನ್ನು ಯಾರಿಗೂ ಹೇಳಕೂಡದೆಂಬದನ್ನೂ ಅಲ್ಲಿ ಮಾತ್ರ ಕ್ರಮವಾಗಿ ಕಲಿಸಲು ಸಾಧ್ಯ.

ಆದಕಾರಣ ನಮ್ಮ ಶಾಲೆಯ ವಾಚನಾಲಯದಲ್ಲಿ ಇಂತಹ ಒಂದು ಕೋಣೆಯನ್ನು ಸಣ್ಣದಾಗಿ ಆರಂಭಿಸಬೇಕೆಂದು ನಾವು ಸೂಚಿಸುತ್ತೇವೆ. ಆರು ಯಂತ್ರಗಳೂ ಒಂದು ಪ್ರಿಂಟರೂ ಸಾಕು. ಕರೆಂಟು ಹೋದಾಗ ಅರ್ಧ ತುಂಬಿದ ಅರ್ಜಿಯು ಹಾಳಾಗದಂತೆ ಒಂದು ಬೇಟರಿಯ ಆಸರೆ ಇರಲಿ. ಶಾಲೆ ಬಿಟ್ಟ ಬಳಿಕ ಎರಡು ತಾಸು ವಿದ್ಯಾರ್ಥಿನಿಯರಿಗೂ, ಶನಿವಾರ ಮಧ್ಯಾಹ್ನ ತಾಯಂದಿರಿಗೂ ಹಳೆಯ ವಿದ್ಯಾರ್ಥಿನಿಯರಿಗೂ ಅದು ತೆರೆದಿರಲಿ. ಯಂತ್ರಗಳ ಮುಖ್ಯ ಪಾಸ್‌ವರ್ಡು ಒಬ್ಬರ ನೆನಪಿನಲ್ಲಿ ಮಾತ್ರ ಇರಕೂಡದು. ಮೇಲ್ವಿಚಾರಕಿಗೆ ತಿಳಿದಿರುವದಲ್ಲದೆ, ಲಕೋಟೆಯಲ್ಲಿ ಮುದ್ರೆ ಹಾಕಿ ಮುಖ್ಯೋಪಾಧ್ಯಾಯಿನಿಯವರ ಪೆಟ್ಟಿಗೆಯಲ್ಲಿಯೂ ಇರಲಿ. ಒಬ್ಬರು ಊರು ಬಿಟ್ಟುಹೋದ ಮಾತ್ರಕ್ಕೆ ಕೋಣೆಗೆ ಬೀಗ ಬೀಳುವಂತಾಗಬಾರದು. ಒಂಬತ್ತನೆಯ ತರಗತಿಯ ಕೆಲವು ಹುಡುಗಿಯರಿಗೆ ಲಿನಕ್ಸನ್ನು ನಿಲ್ಲಿಸುವದನ್ನೂ ತಿದ್ದುಪಡಿ ಮಾಡುವದನ್ನೂ ಪ್ರತಿವರ್ಷ ಕಲಿಸಿದರೆ ಈ ವಿದ್ಯೆಯು ಶಾಲೆಯಲ್ಲಿಯೇ ನಿಲ್ಲುವದು.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬೇಡಿಕೆ ಮೂರು. ಮೂಲೆಯಲ್ಲಿರುವ ಯಂತ್ರವನ್ನು, ಅದರೊಳಗಿನ ನಿಮ್ಮ ಸ್ವಂತ ಕಾಗದಪತ್ರಗಳನ್ನು ಪೂರ್ತಿಯಾಗಿ ಅಳಿಸಿ, ಕಳುಹಿಸಿಕೊಡಿರಿ. ಈ ವಿದ್ಯೆಯನ್ನು ಬಲ್ಲವರು ತಿಂಗಳಿಗೊಂದು ಮಧ್ಯಾಹ್ನವನ್ನು ಕೊಡಿರಿ. ಮುಖ್ಯವಾಗಿ ಮೇಲ್ವಿಚಾರಕಿಯ ಸಂಬಳಕ್ಕಾಗಿ ವರ್ಷವರ್ಷವೂ ಏನಾದರೂ ಕೊಡುವದಕ್ಕೆ ಒಪ್ಪಿಕೊಳ್ಳಿರಿ. ಯಂತ್ರವನ್ನು ದಾನಮಾಡಿ ಹೆಸರನ್ನು ಕೆತ್ತಿಸುವವರು ದೊರೆಯುತ್ತಾರೆ. ಅದನ್ನು ನೋಡಿಕೊಳ್ಳುವವಳಿಗೆ ತಿಂಗಳ ಕೊನೆಯಲ್ಲಿ ಸಂಬಳ ಕೊಡುವವರು ಅಪರೂಪ. ಕಾಪಾಡುವವರಿಲ್ಲದ ಯಂತ್ರವು ಎರಡು ಮಳೆಗಾಲ ಕಳೆಯುವದರೊಳಗೆ ಧೂಳು ಹಿಡಿದು ಮುಚ್ಚಿಹೋಗುವದು. ಹೆತ್ತವರಾದರೋ ಒಂದು ಶನಿವಾರ ತಾವೇ ಬಂದು ಕುಳಿತು, ಮಗಳ ಅರ್ಜಿಯನ್ನು ಅವಳ ಕೈಯಿಂದಲೇ ತುಂಬಿಸಿ, ಪಾಸ್‌ವರ್ಡನ್ನು ಅವಳೇ ಆರಿಸುವಂತೆ ಬಿಡಲಿ. ತನ್ನ ಹೆಸರಿನ ಅರ್ಜಿಯನ್ನು ತಾನೇ ತುಂಬಬಲ್ಲ ಹುಡುಗಿಯು ಮುಂದೆ ತನ್ನ ತಾಯಿಯದನ್ನೂ ನೆರೆಯವಳದನ್ನೂ ತುಂಬಿಕೊಡುವಳು. ಅಷ್ಟಾದರೆ ಈ ಕೋಣೆಗಾಗಿ ಮಾಡಿದ ವೆಚ್ಚವು ಸಾರ್ಥಕವಾಯಿತೆಂದು ನಾವು ತಿಳಿಯುವೆವು.